ಅಕ್ಕನ ದನಿಗೆ ಎರಡು ಪಟ್ಟು ಸ್ಪೀಡು

ನನ್ನ ಮಾನ ಹೋದದ್ದು ನನ್ನದೇ ಎಡಗೈಯ ಹೆಬ್ಬೆರಳಿನಿಂದ. ಬಲಗೈ ಆಗ ಬಂಗುಡೆ ಸಾರಿನಲ್ಲಿತ್ತು.

ಕಳೆದ ಶುಕ್ರವಾರ, ಬಹರೈನಿನ ಸೆಗಯಾದಲ್ಲಿ ಅಕ್ಕನ ಫ್ಲ್ಯಾಟ್. ಊಟದ ನಡುವೆ ನನಗೂ ಅವಳಿಗೂ ಒಂದು ಸಣ್ಣ ವಾದ ಹತ್ತಿಕೊಂಡಿತು. ನೀನು ಅದನ್ನು ಹೇಳಲೇ ಇಲ್ಲ ಎಂದು ನಾನು. ಹೇಳಿದ್ದೇನೆ ಎಂದು ಅವಳು. ಸಾಕ್ಷಿ ನನ್ನ ಜೇಬಿನಲ್ಲೇ ಇತ್ತಲ್ಲ? ಅವಳು ಕಳಿಸಿದ್ದ ವಾಯ್ಸ್ ಮೆಸೇಜ್ ತೆಗೆದು ಹೆಬ್ಬೆರಳು ಒತ್ತಿಯೇ ಬಿಟ್ಟೆ.

ಫೋನಿನಿಂದ ಅಕ್ಕ ಹೊರಬಂದಳು. ಮಲ್ಪೆ ಬಂದರಿನಲ್ಲಿ ಮೀನು ಏಲಂ ಕೂಗುವವರ ವೇಗದಲ್ಲಿ.

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಅಂಕಣಕ್ಕೆ ವಿಷಯ ಸಿಗದೆ ಒದ್ದಾಡುವುದು ನನ್ನ ಖಾಯಂ ಕಾಯಿಲೆ ಎಂದು ನಿಮಗೆ ಗೊತ್ತೇ ಇದೆ. (ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸಲ್ಮಾಬಾದಿನಲ್ಲಿ ಎಸಿ ರಿಪೇರಿ ಮಾಡುವವನಿಗೆ ಅಂಕಣ ಕೊಟ್ಟದ್ದು ಸಂಪಾದಕರ ತಪ್ಪು, ನನ್ನದಲ್ಲ.) ಅಕ್ಕ ಹಾಗಲ್ಲ. ನರ್ಸಿಂಗ್ ಓದಿದವಳು. ಇಂಗ್ಲಿಷ್ ಪುಸ್ತಕಗಳನ್ನು ನಾವು ಕಡಲೆ ತಿಂದ ಹಾಗೆ ಓದಿ ಮುಗಿಸುವವಳು.

ಈಚೆಗೆ ಅವಳ ಕೈಗೆ ಆಸ್ಪತ್ರೆಯ ಸ್ಟಾಫ್ ರೂಮಿನ ಕಪಾಟಿನಲ್ಲಿ ಒಂದು ಹಳೆಯ ಪುಸ್ತಕ ಸಿಕ್ಕಿತ್ತು. ಹಿಟ್ಲರನ ಕಾಲದಲ್ಲಿ ಯೆಹೂದಿಗಳನ್ನು ಹುಡುಕಿ ಹುಡುಕಿ ಕೊಂದರಲ್ಲ, ಅದರಲ್ಲಿ ಹೇಗೋ ಉಳಿದುಕೊಂಡ ಪೋಲೆಂಡಿನ ಹುಡುಗಿಯೊಬ್ಬಳು ಮುದುಕಿಯಾದ ಮೇಲೆ ಬರೆದ ಆತ್ಮಕಥೆ. ನನ್ನ ಕಿವಿ ನೆಟ್ಟಗಾಯಿತು. ನನಗೂ ಹೇಳು, ಒಂದು ಅಂಕಣವಾದರೂ ಆಗುತ್ತದೆ ಎಂದೆ. ಪಾಪ, ಒಪ್ಪಿದಳು. ಡ್ಯೂಟಿ ಮುಗಿಸಿ ಆಸ್ಪತ್ರೆಯ ವ್ಯಾನಿನಲ್ಲಿ ಮನೆಗೆ ಬರುವಾಗ ದಿನಕ್ಕೊಂದು ಅಧ್ಯಾಯವನ್ನು ಫೋನಿಗೆ ಹೇಳಿ ನನಗೆ ಕಳಿಸತೊಡಗಿದಳು. (ನಮ್ಮ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಇಲ್ಲಿ ಕನ್ನಡ ಮಾಡಿದ್ದೇನೆ.)

ಯೆಹೂದಿಗಳ ಬಗ್ಗೆ ನನಗೆ ತಿಳಿದದ್ದಾದರೂ ಏನು? ಮನಾಮದ ಹಳೇ ಪೇಟೆ ಸೂಕಿನಲ್ಲಿ ಅವರದೊಂದು ಪ್ರಾರ್ಥನಾ ಮಂದಿರ ಇದೆ, ನಾನು ಚಪ್ಪಲಿ ಕೊಳ್ಳುವುದು ಅದೇ ಸುತ್ತಿನಲ್ಲಿ. ಅಷ್ಟೇ. ಹಾಗಾಗಿ ಕಥೆಯಲ್ಲಿ ಕ್ಯಾಂಪ್ ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ಸಲ್ಮಾಬಾದಿನಲ್ಲಿ ನಾವು ಕೆಲಸಗಾರರು ಮಲಗುವ ಕ್ಯಾಂಪು. ಒಂದರ ಮೇಲೊಂದು ಮಂಚ, ಬಾತ್‌ರೂಮಿಗೆ ಕ್ಯೂ, ನೀರಿನಂಥ ದಾಲ್. ನಮ್ಮದೂ ಹೆಚ್ಚುಕಮ್ಮಿ ಹೀಗೇ ಅಲ್ಲವಾ ಎಂದು ಅಕ್ಕನಿಗೆ ಹೇಳಿಯೂ ಬಿಟ್ಟೆ.

"ನಿನ್ನ ಕ್ಯಾಂಪಿನಿಂದ ನೀನು ಶುಕ್ರವಾರ ಮೀನು ಸಾರು ತಿನ್ಲಿಕ್ಕೆ ಇಲ್ಲಿಗೆ ಬರ್ತಿಯಲ್ಲ ಮಾರಾಯ" ಎಂದಳು. "ಅವರಿಗೆ ಹೊರಗೆ ಹೋಗುವ ಬಾಗಿಲೇ ಇರಲಿಲ್ಲ. ಯಾವುದನ್ನೂ ನಿನ್ನ ಅಳತೆಗೆ ಹೊಲಿಯಬೇಡ."

ಬುದ್ಧಿ ಬರಬೇಕಿತ್ತು. ಬರಲಿಲ್ಲ. ಏಕೆಂದರೆ ಅಷ್ಟರಲ್ಲಿ ನಾನು ವಾಟ್ಸಾಪಿನ ಆ ಸಣ್ಣ ಬಟನ್ ಕಂಡುಹಿಡಿದಾಗಿತ್ತು. ಒಂದು ಸಲ ಒತ್ತಿದರೆ ಒಂದೂವರೆ ಪಟ್ಟು ಸ್ಪೀಡು, ಇನ್ನೊಂದು ಸಲ ಒತ್ತಿದರೆ ಎರಡು ಪಟ್ಟು. ಅಕ್ಕ ನಿಧಾನವಾಗಿ ಮಾತಾಡುವವಳು. ನನಗೆ ಬೇಕಿದ್ದದ್ದು ಅಂಕಣಕ್ಕೆ ಸರಕು. ಅಧ್ಯಾಯಗಳೆಲ್ಲ ದಡದಡ ಓಡಿದವು. ವರ್ಕ್‌ಶಾಪಿನಲ್ಲಿ ಪಕ್ಕದ ಬೆಂಚಿನ ಪಂಜಾಬಿ ಭಾಯಿ ಒಂದು ದಿನ ಕನಿಕರದಿಂದ ಕೇಳಿದ, "ಕೌನ್ ಡಾಂಟ್ ರಹೀ ಹೈ, ಭಾಯಿ?" ಯಾರೂ ಬೈಯುತ್ತಿಲ್ಲ, ನನ್ನ ಅಕ್ಕ ಕಥೆ ಹೇಳುತ್ತಿದ್ದಾಳೆ ಎಂದೆ. ಅವನು ನಂಬಲಿಲ್ಲ.

ತಮಾಷೆ ನೋಡಿ. ನನ್ನ ಹೊಟ್ಟೆಪಾಡೇ ಕಿವಿಯದ್ದು. ಕಂಪ್ರೆಸರ್ ಕೆಟ್ಟು ಬಂದರೆ ಬಿಚ್ಚುವ ಮೊದಲು ಕಣ್ಣುಮುಚ್ಚಿ ಅದರ ಗುಂಯ್‌ಗುಟ್ಟುವಿಕೆ ಕೇಳುತ್ತೇನೆ. ಎಲ್ಲಿ ತಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಾಯುತ್ತೇನೆ. ಕಬ್ಬಿಣದ ಡಬ್ಬಕ್ಕೆ ಕೊಡುವ ತಾಳ್ಮೆ ಒಡಹುಟ್ಟಿದವಳಿಗೆ ಯಾಕಿಲ್ಲ?

ಇರಲಿ, ಬಂಗುಡೆ ಸಾರಿಗೆ ವಾಪಸ್ ಬರೋಣ.

ವಾದ ಶುರುವಾದದ್ದು ನನ್ನ ಒಂದು ಅಭಿಪ್ರಾಯದಿಂದ. ಪುಸ್ತಕ ಬರೆದಿದ್ದಾಳೆ ಎಂದರೆ ಬದುಕಿದ್ದಾಳೆ, ಬದುಕಿದ್ದಾಳೆ ಎಂದರೆ ಸುಖಾಂತ್ಯ, ಮತ್ತೆ ಅಳುವುದು ಯಾಕೆ ಎಂದೆ. ಅಕ್ಕ ಅನ್ನ ಕಲಸುವುದನ್ನು ನಿಲ್ಲಿಸಿದಳು. ನಾನು ನಿಲ್ಲಿಸಲಿಲ್ಲ. ಕಥೆಯಲ್ಲಿ ನಿನ್ನದೂ ಒಂದು ತಪ್ಪಿದೆ, ಅವಳಿಗೆ ಟೋಪಿ ಹಾಕಿಕೊಂಡ ಒಬ್ಬ ಸಣ್ಣ ತಮ್ಮ ಇದ್ದನಲ್ಲ, ಅವನನ್ನು ನಡುವೆ ಮರೆತೇಬಿಟ್ಟೆ, ಅವನು ಏನಾದ ಎಂದು ಹೇಳಲೇ ಇಲ್ಲ ಎಂದೆ.

ಆಗಲೇ ಹೆಬ್ಬೆರಳು ಒತ್ತಿದ್ದು.

ಏಲಂನ ವೇಗದಲ್ಲಿ ಅಕ್ಕನ ದನಿ ಓಡಿತು: ಬ್ರೆಡ್ಡಿನ ಕ್ಯೂ ಉದ್ದ ಇತ್ತು, ವಿಪರೀತ ಚಳಿ, ನೀನು ಜಾಗ ಹಿಡಿದುಕೊಂಡು ನಿಲ್ಲು ಅಂತ ತಮ್ಮನಿಗೆ ಹೇಳಿ ಅವಳು ಕಾಲು ಬೆಚ್ಚಗೆ ಮಾಡಿಕೊಳ್ಳಲಿಕ್ಕೆ ಹೋದಳು, ತಿರುಗಿ ಬರುವಾಗ ಕ್ಯೂ ಇರಲಿಲ್ಲ. ನಡುವೆ ನಾಲ್ಕೈದು ಸೆಕೆಂಡು ಏನೋ ಗರಗರ. ಅವಳ ಅಮ್ಮ ಬ್ರೆಡ್ಡಿಗೆ ಹಿಟ್ಟು ನಾದುವುದು ಹೇಗೆಂದರೆ...

"ಮಮ್ಮಿ, ಯು ಆರ್ ರ‍್ಯಾಪಿಂಗ್" ಎಂದು ಸೊಸೆ ದಿಶಾ ನಕ್ಕಳು. (ಅಕ್ಕನ ಮಗಳು. ಬಹರೈನಿನಲ್ಲೇ ಹುಟ್ಟಿದವಳು, ನಗುವುದೂ ಇಂಗ್ಲಿಷಿನಲ್ಲೇ.)

ಅಕ್ಕ ನಗಲಿಲ್ಲ. ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಪರದೆಯ ಮೇಲಿನ ಎರಡನ್ನು ನೋಡಿದಳು. ಅದನ್ನು ಒಂದಕ್ಕೆ ತಂದು ಮತ್ತೆ ಹಾಕಿದಳು.

ಈ ಸಲ "ಕ್ಯೂ ಇರಲಿಲ್ಲ" ಎಂದ ಮೇಲೆ ಮಾತು ನಿಂತಿತು. ವ್ಯಾನಿನ ಬಾಗಿಲು ತೆರೆದದ್ದು, ಮುಚ್ಚಿದ್ದು ಕೇಳಿಸಿತು. ಹಿಂದೆ ಯಾರದೋ ಹಾರ್ನ್. ಮೂಗು ಒರೆಸಿಕೊಂಡ ಸದ್ದು. ಮತ್ತೆ ಬರೀ ರಸ್ತೆ. ನಾನು ತಟ್ಟೆ ನೋಡುತ್ತಿದ್ದೆ.

"ಅದು ನೆಟ್‌ವರ್ಕ್ ಹೋದದ್ದು ಅಂದುಕೊಂಡಿದ್ದೆ" ಎಂದೆ.

"ನೆಟ್‌ವರ್ಕ್ ಅಲ್ಲ. ನಾನು."

ಫೋನ್ ನನ್ನ ತಟ್ಟೆಯ ಪಕ್ಕ ಇಟ್ಟು ಅವಳೇ ಹೇಳಿದಳು. ಪುಸ್ತಕದಲ್ಲೂ ಆ ಹೆಂಗಸು ಅಲ್ಲಿ ಅಷ್ಟೇ ಬರೆದಿದ್ದಾಳಂತೆ. ಒಂದು ಸಾಲು. ಕ್ಯೂನಲ್ಲಿದ್ದವರನ್ನೆಲ್ಲ ಹಿಡಿದುಕೊಂಡು ಹೋದರು ಎಂದೂ ಇಲ್ಲ. ಮುಂದಿನ ಸಾಲಿಗೆ ಅಮ್ಮನ ಬ್ರೆಡ್ಡು. ಮೊದಲು ಅಕ್ಕನಿಗೂ ಸಿಟ್ಟು ಬಂದಿತ್ತಂತೆ, ಇದೆಂಥ ಹೆಂಗಸು ಎಂದು. ಆಮೇಲೆ ಹಿಂದಿನ ಪುಟಗಳಿಗೆ ಹೋಗಿ ನೋಡಿದರೆ ತಮ್ಮನ ಟೋಪಿಯ ಬಟನ್ ಯಾವ ಬಣ್ಣದ್ದು ಎಂಬುದೂ ಇದೆ, ಅವನ ಹೆಸರು ಮಾತ್ರ ಅಲ್ಲೆಲ್ಲೂ ಇಲ್ಲ. ಬರೆಯಲು ಹೋದ ಕೈ ಅಲ್ಲಿಗೆ ಬಂದಾಗಲೆಲ್ಲ ಬೇರೆ ಕಡೆ ತಿರುಗಿದೆ.

"ತಾನು ಬದುಕಿ ಉಳಿದದ್ದಕ್ಕೆ ಪುಸ್ತಕ ಇಡೀ ಆ ತಮ್ಮನ ಹತ್ತಿರ ಕ್ಷಮೆ ಕೇಳ್ತಾ ಇದ್ದಾಳೆ ಅವಳು" ಎಂದಳು ಅಕ್ಕ. "ನೀನು ಸುಖಾಂತ್ಯ ಅಂತಿ."

ಇನ್ನೊಂದೇ ಅಧ್ಯಾಯ ಬಾಕಿ ಇತ್ತು. ಅದನ್ನು ಕಳಿಸುವುದಿಲ್ಲ ಎಂದಳು. ಬಂಗುಡೆಯನ್ನೂ ಎರಡನೇ ಸಲ ಬಡಿಸಲಿಲ್ಲ.

ಶನಿವಾರ ಫೋನ್ ಸುಮ್ಮನಿತ್ತು. ಭಾನುವಾರವೂ. ಕೈಮುಗಿಯುವ ಸ್ಟಿಕರ್ ಕಳಿಸಿದೆ. ಒಂದು ಥಂಬ್ಸ್ ಅಪ್ ಬಂತು. ಸಿಟ್ಟಾದ ಅಕ್ಕಂದಿರ ಥಂಬ್ಸ್ ಅಪ್ ಎಷ್ಟು ತಣ್ಣಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಅದಕ್ಕೆ ಎಸಿಯ ಹಾಗೆ ಗ್ಯಾಸ್ ತುಂಬುವ ಅಗತ್ಯವೇ ಇಲ್ಲ. ಪಂಜಾಬಿ ಭಾಯಿಗೂ ಸಂಶಯ ಬಂದು, ಬೈಯುವವರು ಊರಿಗೆ ಹೋದರಾ ಎಂದು ವಿಚಾರಿಸಿದ. ನಿಜ ಹೇಳುತ್ತೇನೆ, ಅಂಕಣದ ಸರಕು ತಪ್ಪಿತೆಂದಲ್ಲ ನನ್ನ ಸಂಕಟ. ಅಕ್ಕ ವ್ಯಾನಿನಲ್ಲಿ ಒಬ್ಬಳೇ ಅಳುತ್ತಾ ನನಗೆ ಏನೋ ಹೇಳಿದ್ದಳು. ನಾನು ಅವಳನ್ನು ಅರ್ಧ ಸಮಯದಲ್ಲಿ ಮುಗಿಸಿದ್ದೆ.

ಮಂಗಳವಾರ ಸಂಜೆ ಒಂದು ಡಬ್ಬಿ ಬಹರೈನಿ ಹಲ್ವಾ ಹಿಡಿದು ಸೆಗಯಾಕ್ಕೆ ಹೋದೆ. ಬಾಗಿಲು ತೆರೆದ ಅಕ್ಕ ಮೊದಲು ಹಲ್ವಾ ನೋಡಿದಳು, ಆಮೇಲೆ ನನ್ನನ್ನು.

"ಫೋನ್ ಅಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು ಬಾ."

ಇಟ್ಟೆ. ಎದುರು ಕೂತೆ. ಅವಳು ಪುಸ್ತಕ ತೆರೆದು ಕೊನೆಯ ಅಧ್ಯಾಯವನ್ನು ನೋಡಿ ನೋಡಿ ತುಳುವಿನಲ್ಲಿ ಹೇಳತೊಡಗಿದಳು. ಹೆಂಗಸಿಗೆ ಈಗ ವಯಸ್ಸಾಗಿದೆ. ಬೇರೆ ದೇಶ, ಬೇರೆ ಭಾಷೆ. ಮೊಮ್ಮಗನ ಜೊತೆ ಬೇಕರಿಯ ಕ್ಯೂನಲ್ಲಿ ನಿಂತಿದ್ದಾಳೆ. ಪಕ್ಕದಂಗಡಿಯ ಆಟಿಕೆ ನೋಡಿ ಬರುತ್ತೇನೆ ಎಂದು ಹುಡುಗ ಕೈ ಎಳೆಯುತ್ತಾನೆ. ಅವಳು ಬಿಡುವುದಿಲ್ಲ. ಹುಡುಗ ಅಳುತ್ತಾನೆ, ಜನ ತಿರುಗಿ ನೋಡುತ್ತಾರೆ, ಆದರೂ ಬಿಡುವುದಿಲ್ಲ. ಬೈಯುವ ಭರದಲ್ಲಿ ಮೊಮ್ಮಗನನ್ನು ಬೇರೊಂದು ಹೆಸರಿನಿಂದ ಕರೆದುಬಿಡುತ್ತಾಳೆ. ಹೆರ್ಶೆಲ್.

ಅಕ್ಕ ಅಲ್ಲಿಗೆ ಮಾತು ನಿಲ್ಲಿಸಿದಳು.

ನಾನೂ ಸುಮ್ಮನೆ ಕೂತೆ. ಸುಲಭ ಅಂದುಕೊಂಡಿರಾ? ಹೆಬ್ಬೆರಳು ತಾನಾಗಿಯೇ ಜೇಬು ಹುಡುಕಿತು. ಆಮೇಲೆ ಏನಾಯಿತು ಎಂದು ಕೇಳುವ ಮಾತು ಗಂಟಲಿನವರೆಗೆ ಬಂತು, ನುಂಗಿದೆ. ಎದುರಿಗೆ ಕೂತ ಮನುಷ್ಯರಿಗೆ ಯಾವ ಬಟನೂ ಇರುವುದಿಲ್ಲ. ಅಕ್ಕನ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿದೆ ಎಂದು ನನಗೆ ಗೊತ್ತಾದದ್ದೇ ಆಗ.

"ಅಷ್ಟೇ" ಎಂದು ಪುಸ್ತಕ ಮುಚ್ಚಿದಳು. ಹಲ್ವಾ ಡಬ್ಬಿ ತನ್ನ ಕಡೆ ಎಳೆದುಕೊಂಡಳು.

ಇದನ್ನು ಬರೆಯಬಹುದಾ ಎಂದು ಕೇಳಿದೆ. ಬರಿ, ಆದರೆ ನಿನ್ನ ಎರಡು ಪಟ್ಟಿನ ಕಥೆಯನ್ನೂ ಬರಿ, ಇಲ್ಲದಿದ್ದರೆ ನಾನೇ ಸಂಪಾದಕರಿಗೆ ವಾಯ್ಸ್ ಹಾಕುತ್ತೇನೆ ಎಂದಳು. ಹಾಗಾಗಿ ಈ ವಾರದ ಅಂಕಣಕ್ಕೆ ನಾನು ಜವಾಬ್ದಾರನಲ್ಲ.

ಸಲ್ಮಾಬಾದಿಗೆ ಬಂದು ಇಳಿಯುವಷ್ಟರಲ್ಲಿ ಅವಳ ಮೆಸೇಜ್ ಬಂದಿತ್ತು. ಸ್ಪೀಡು ಒಂದಕ್ಕೆ ತಂದು ಒತ್ತಿದೆ. ಕ್ಯಾಂಪ್ ಮುಟ್ಟಿದ ಮೇಲೆ ಹೇಳು ಎಂದಿದ್ದಳು, ಅಷ್ಟೇ. ರೆಕಾರ್ಡಿಂಗ್ ನಿಲ್ಲಿಸಲು ಮರೆತಿರಬೇಕು. ಮುಂದೆಲ್ಲ ನಲ್ಲಿಯ ನೀರು, ತಟ್ಟೆ ಲೋಟದ ಸದ್ದು, ದೂರದಲ್ಲಿ ದಿಶಾಳ ಇಂಗ್ಲಿಷು. ಬಸ್ ಸ್ಟಾಪಿನಲ್ಲೇ ನಿಂತು ಕೊನೆಯ ಲೋಟ ತೊಳೆಯುವವರೆಗೂ ಕೇಳಿದೆ.

ನಿಮ್ಮ ಫೋನಿನಲ್ಲಿ ಮನೆಯವರ ದನಿ ಈಗ ಎಷ್ಟರಲ್ಲಿ ಓಡುತ್ತಿದೆ, ಒಂದರಲ್ಲೋ, ಎರಡರಲ್ಲೋ?