ಪರದೆಯ ಆಚೆ ಗೌರಕ್ಕ

ಪಲ್ಲವಿ, ಸಿದ್ದು, ಹೋದ ವಾರ ನೀವು ಬಂದು ಹೋದ ಮೇಲೆ ಟ್ರಂಕಿನಲ್ಲಿದ್ದ ಕರಿಯ ಕಂಬಳಿಯನ್ನು ಬಿಸಿಲಿಗೆ ಹಾಕಿದೆ. ಬಿಸಿಲು ತಾಗಿದ ಉಣ್ಣೆಯ ಆ ವಾಸನೆ, ಕುರಿ, ಧೂಳು, ಒಣಗಿದ ಬೇವಿನೆಲೆ ಎಲ್ಲ ಕಲೆತದ್ದು, ಮೂಗಿಗೆ ಬಡಿದದ್ದೇ ತಡ, ನಾನು ನನ್ನ ತವರು ಬೇವೂರಿನ ಶಾಲೆಯ ಕತ್ತಲೆಯೊಳಗೆ ಹೋಗಿ ನಿಂತಿದ್ದೆ. ಅಂದಿನಿಂದ ಕೂತಲ್ಲಿ ಕೂಡಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಅಂಗಳಕ್ಕೆ ಹೋಗುತ್ತೇನೆ, ಅಂಗಳಕ್ಕೆ ಏಕೆ ಬಂದೆನೆಂದು ಮರೆತು ಒಳಗೆ ಬರುತ್ತೇನೆ. ನಿಮ್ಮ ಅಜ್ಜ ಇದ್ದಾಗಲೂ ನಾನು ಹೆಚ್ಚು ಮಾತಾಡಿದವಳಲ್ಲ. ಅವರು ಹೋದ ಮೇಲೆ ಇದ್ದ ಮಾತೂ ಕಡಿಮೆಯಾಯಿತು. ಎದುರು ಕೂತು ಹೇಳಲು ನಾಚಿಕೆಯಾಗುವುದನ್ನು ಬರೆಯುತ್ತಿದ್ದೇನೆ. ನನಗೊಬ್ಬಳು ಅಕ್ಕ ಇದ್ದಳು, ಗೌರಕ್ಕ. ನೀವು ಅವಳನ್ನು ನೋಡಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ಎತ್ತು ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ನಾವಿರುವ ಪಡಸಾಲೆ. ಜೋಳದ ಕಣಿಕೆಯ ಸಿಹಿ ವಾಸನೆ, ಸಗಣಿಯದು, ಅವ್ವನ ಒಲೆಯ ಹೊಗೆಯದು ಒಂದರೊಳಗೊಂದು ಸೇರಿ ನಮ್ಮ ಬಟ್ಟೆಗಳಲ್ಲೂ ಇರುತ್ತಿದ್ದವು. ಆ ಮನೆಯಲ್ಲಿ ಗೌರಕ್ಕ ಒಂದು ಗಳಿಗೆ ಸುಮ್ಮನೆ ಕೂತದ್ದನ್ನು ನಾನು ಕಾಣೆ. ರೊಟ್ಟಿ ಬಡಿಯುವಾಗ ಮಡಚಿದ ಕಾಲು ಅಲ್ಲಾಡುತ್ತಿತ್ತು, ನಿದ್ದೆಯಲ್ಲೂ ಅಲ್ಲಾಡುತ್ತಿತ್ತು. "ಗಾಲಿ ಹಚ್ಚೇ ಹಡದೀನೇನೋ ಇಕಿನ್ನ, ಒಂದಕಡೆ ನಿಂತ್ರ ಕೇಳು," ಎಂದು ಅವ್ವ ಬಯ್ಯುತ್ತಿದ್ದಳು. ಅವಳು ಏಳನೆಯ ತರಗತಿಯಲ್ಲಿದ್ದಳು, ನಾನು ಐದನೆಯದರಲ್ಲಿ. ನಮ್ಮ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಅದರಾಚೆ ಏನು ಎಂಬ ಪ್ರಶ್ನೆಯನ್ನು ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲವದು. ವರ್ಷಕ್ಕೊಮ್ಮೆ ಬರುವ ಸರ್ಕಾರದ ಸಿನಿಮಾ ಗಾಡಿ ಆ ವರ್ಷ ನಮ್ಮ ಶಾಲೆಗೆ ಹಗಲಿನಲ್ಲೇ ಬಂತು. ಶಾಲೆಗಿದ್ದದ್ದು ಎರಡು ಕೋಣೆ, ನಡುವೆ ಅಗಲವಾದ ಬಾಗಿಲು. ಆ ಬಾಗಿಲಿಗೇ ಬಿಳಿ ಧೋತರ ಬಿಗಿದು ಕಟ್ಟಿದರು. ಮಷಿನ್ ಇದ್ದ ಕಡೆ ಗಂಡುಹುಡುಗರು, ಊರ ಹಿರಿಯರು. ಪ್ರತಿ ಸಲದಂತೆ ಬಟ್ಟೆಯ ಆಚೆ ಹುಡುಗಿಯರು. ಹಿಂದಿನಿಂದಲೂ ಚಿತ್ರ ಕಾಣುತ್ತಿತ್ತು, ಹಾಗಾಗಿ ಯಾರೂ ತಕರಾರು ಮಾಡುತ್ತಿರಲಿಲ್ಲ. ಕಿಟಕಿ ಮುಚ್ಚಲು ಮನೆಗೊಂದು ಕಂಬಳಿ ತರಬೇಕಿತ್ತು. ನಾನು ತರುವಷ್ಟರಲ್ಲಿ ಹುಡುಗಿಯರ ಕೋಣೆಯ ಬಾಗಿಲು ಹಾಕಿಯಾಗಿತ್ತು. ಅಕ್ಕೋರು, ಅಂದರೆ ನಮ್ಮ ಶಾಲೆಯ ಒಬ್ಬರೇ ಹೆಣ್ಣು ಟೀಚರು, ನನ್ನ ರಟ್ಟೆ ಹಿಡಿದು ಈಚೆ ಕಡೆ ಎಳೆದುಕೊಂಡು ಕೂರಿಸಿದರು. ಅಷ್ಟು ಗಂಡಸರ ನಡುವೆ ಕಂಬಳಿಯಲ್ಲಿ ಮುಖ ಹುದುಗಿಸಿ, ಒಂದೇ ಕಣ್ಣಿನಿಂದ ನೋಡಿದೆ. ಗೊಬ್ಬರದ ಚಿತ್ರ, ಮಲೇರಿಯದ ಚಿತ್ರ ಎಲ್ಲ ಮುಗಿದ ಮೇಲೆ ಕೊನೆಗೆ ಯಾವುದೋ ಪರದೇಶದ ಚಿತ್ರ ಬಂತು. ಗೌರಕ್ಕನ ವಯಸ್ಸಿನ ಹುಡುಗಿ. ದೊಡ್ಡ ಊರಿನ ಕುಣಿತದ ಶಾಲೆಗೆ ಸೇರಲು ಅವಳಿಗೆ ಆಸೆ. ಗೋಡೆಗಿದ್ದ ಕಟ್ಟಿಗೆಯ ಸರಳು ಹಿಡಿದು ಕಾಲಿನ ಬೆರಳ ತುದಿಯ ಮೇಲೆ ನಿಲ್ಲುತ್ತಾಳೆ, ಬೀಳುತ್ತಾಳೆ, ಬೂಟು ಬಿಚ್ಚಿದರೆ ಬೆರಳಲ್ಲಿ ರಕ್ತ. ಮಾತು ಒಂದೂ ತಿಳಿಯಲಿಲ್ಲ. ಕೊನೆಗೆ ಅವಳು ಗಾಳಿಯಲ್ಲಿ ಕಾಲು ಚಾಚಿ ಹಾರಿದಾಗ ಬಟ್ಟೆಯ ಆಚೆಯಿಂದ ಒಂದು ಧ್ವನಿ ಬಂತು, "ಯವ್ವಾ!" ಅದು ಗೌರಕ್ಕನದೆಂದು ಊರಿಗೆಲ್ಲ ಗೊತ್ತಾಯಿತು.

ಮರುದಿನದಿಂದ ಎತ್ತುಗಳ ಗೋದಲಿಯ ಕಟ್ಟೆಯೇ ಅವಳ ಸರಳು. ಅದನ್ನು ಹಿಡಿದು ಬೆರಳ ಮೇಲೆ ನಿಲ್ಲುತ್ತಿದ್ದಳು, ಎತ್ತುಗಳು ಮೇವು ಬಿಟ್ಟು ನೋಡುತ್ತಿದ್ದವು. ನೆರೆಮನೆಯ, ಹತ್ತಿ ಹಿಂಜುವ ಪಿಂಜಾರರ ಬಡೇಮಾ ಹಳೆಯ ಕೌದಿಯ ತುಂಡಿನಿಂದ ಚೀಲದಂಥ ಬೂಟು ಹೊಲಿದು, ತುದಿಗೆ ಹಿಂಜಿದ ಅರಳೆ ತುರುಕಿ ಕೊಟ್ಟಳು. "ಜನ ಅರಳಿ ಮ್ಯಾಲೆ ಮಲಗತಾರ, ನೀನು ನಿಂದರತೀಯೇನ ಬೇಟಿ?" ಎಂದು ನಕ್ಕಳು. ನನ್ನನ್ನೂ ಗೌರಕ್ಕ ಬಿಡಲಿಲ್ಲ. ಮನೆಯೊಳಗೆ, ಅವಳೊಬ್ಬಳ ಮುಂದೆ, ನನಗೆ ನಾಚಿಕೆ ಇರಲಿಲ್ಲ. ಆದರೆ ಮೊದಲ ದಿನವೇ ಜಗಳ.

"ಆಕಿ ಮೊದಲ ಬಲಗಾಲ ಎತ್ತಿದ್ಳು," ಎಂದೆ.

"ಕಣ್ಣು ಅದಾವೋ ಇಲ್ಲೋ ನಿನಗ? ಎಡಗಾಲು!"

"ನಾ ಅಕ್ಕೋರ ಬಾಜೂಕ ಕುಂತು ನೋಡೀನಿ."

"ಅಕ್ಕೋರ ಬಾಜೂಕ ಕುಂತ್ರ ಎಡಾ ಹೋಗಿ ಬಲಾ ಆಕ್ಕೈತೇನ?"

ಕೂದಲು ಹಿಡಿದು ಎಳೆದಾಡಿ ಅಕ್ಕೋರ ಹತ್ತಿರ ಹೋದೆವು. ಅವರು ಒಂದು ತೆಳುವಾದ ಹಾಳೆಯ ಮೇಲೆ ಹುಡುಗಿಯ ಚಿತ್ರ ಗೀಚಿ, ಬೆಳಕಿಗೆ ಹಿಡಿದು, ತಿರುಗಿಸಿ ತೋರಿಸಿದರು. ಬಟ್ಟೆಯ ಹಿಂದೆ ಕೂತ ಹುಡುಗಿಯರೆಲ್ಲ ಇಷ್ಟು ವರ್ಷ ಎಲ್ಲ ಚಿತ್ರಗಳನ್ನೂ ಎಡಬಲ ತಿರುಗುಮುರುಗಾಗಿ ನೋಡಿದ್ದರು. ಗೌರಕ್ಕ ಆ ಹಾಳೆಯನ್ನು ತಾನೇ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಅಂದಳು, "ನಾ ತಿದ್ದಂಗಿಲ್ರಿ ಅಕ್ಕೋರೆ. ಇಕಿನೂ ತಿದ್ದೂದು ಬ್ಯಾಡ. ಇಬ್ಬರೂ ನೋಡಿದಂಗ ಕುಣಿತೀವಿ."

ಹಾಗೇ ಆ ಕುಣಿತ ಹುಟ್ಟಿತು. ಪಕ್ಕಪಕ್ಕ ನಿಂತು ಶುರು ಮಾಡಿದರೆ ನಾನು ಬಲಕ್ಕೆ, ಅವಳು ಎಡಕ್ಕೆ. ದೂರ ಹೋಗಿ, ತಿರುಗಿ, ನಡುವೆ ಬಂದು ಅಂಗೈಗೆ ಅಂಗೈ ಹಚ್ಚುತ್ತಿದ್ದೆವು. ಅಕ್ಕೋರು ಹಾರ್ಮೋನಿಯಂ ನುಡಿಸುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡರು. ಯಲಬುರ್ಗಾದಲ್ಲಿ ತಾಲೂಕಿನ ಶಾಲೆಗಳ ಸ್ಪರ್ಧೆಯಿತ್ತು. ನಮ್ಮ ಹೆಸರನ್ನು ಜೋಡಿ ಕುಣಿತ ಎಂದು ಬರೆದು ಕಳಿಸಿ, ಮನೆಗೆ ಬಂದು ಅಪ್ಪನೆದುರು ನಿಂತರು. "ಅಲ್ಲಿ ಆರಿಸಿ ಬಂದ್ರ ಕೊಪ್ಪಳಕ್ಕ ಹೋಗಬೇಕ್ರಿ. ನಮ್ಮ ತಂಗಿ ಅಲ್ಲೇ ಬಾಜೂಕ ಭಾಗ್ಯನಗರದಾಗ ಅದಾಳ, ಮಕ್ಕಳಿಗೆ ಕುಣಿಯಾಕ ಕಲಸತಾಳ. ಗೌರಿನ್ನ ತನ್ನ ಮನ್ಯಾಗ ಇಟಗೊಂಡು ಹೈಸ್ಕೂಲಿಗೆ ಹಚ್ಚತೀನಿ ಅಂದಾಳ." ಅಪ್ಪ ಕೆಟ್ಟವನಲ್ಲ. "ಆರಿಸಿ ಬಂದ್ರ ಕಳಸತೀನ್ರಿ. ಇಲ್ಲಂದ್ರ ಏಳನೇತ್ತಿಗೆ ಸಾಕು, ಮತ್ತ ನನ್ನ ಕೇಳಬಾರದು," ಎಂದ. ಅಂದು ಗೌರಕ್ಕ ಉಣ್ಣಲೇ ಇಲ್ಲ. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ತಿರುಗಿದಳು.

ಯಲಬುರ್ಗಾದ ಆ ಹಾಲ್‌ನಲ್ಲಿ ಮುಂದಿನ ಕುರ್ಚಿಗಳ ತುಂಬ ಕಚೇರಿಯ ಗಂಡಸರು, ಹಿಂದೆ ನಿಂತ ಜನ, ಕಿಟಕಿಯ ಸರಳಿಗೂ ಮುಖಗಳು. ವೇದಿಕೆಯ ಪರದೆಯ ಸಂದಿಯಿಂದ ಅದನ್ನು ನೋಡಿದೆ. ನೋಡಬಾರದಿತ್ತು. ಹಾರ್ಮೋನಿಯಂ ಶುರುವಾಯಿತು, ಗೌರಕ್ಕ ನನ್ನ ಕೈ ಹಿಡಿದು, "ನಡಿ," ಎಂದಳು. ನನ್ನ ಕಾಲು ಏಳಲಿಲ್ಲ. "ಶಾಂತೀ, ನನ್ನಷ್ಟ ನೋಡ. ಮಂದಿನ್ನ ನೋಡಬ್ಯಾಡ." ನಾನು ತಲೆಯಾಡಿಸಿದೆ, ಕೈ ಬಿಡಿಸಿಕೊಂಡೆ. ಅವಳು ಒಬ್ಬಳೇ ಹೋದಳು. ಎಡಕ್ಕೆ ಹೋದಳು, ತಿರುಗಿದಳು, ನಡುವೆ ಬಂದು ಅಂಗೈ ಚಾಚಿದಳು. ಆ ಕಡೆ ಯಾರೂ ಇರಲಿಲ್ಲ. ಯಾರೋ ನಕ್ಕರು. ಅವಳು ಮತ್ತೆ ಎಡಕ್ಕೆ ಹೋದಳು, ಮತ್ತೆ ಬಂದು ಅಂಗೈ ಚಾಚಿದಳು, ಒಂದು ಹೆಜ್ಜೆಯನ್ನೂ ಬಿಡದೆ ಕೊನೆಯವರೆಗೂ ಕುಣಿದಳು. ಪರದೆಯ ಹಿಂದೆ ನನ್ನ ಕಾಲೊಳಗೆ ನನ್ನ ಪಾಲಿನ ಹೆಜ್ಜೆಗಳೆಲ್ಲ ತುಡಿಯುತ್ತಿದ್ದವು. ಮೈ ಮಾತ್ರ ಅಲ್ಲೇ ಇತ್ತು. ಮುಗಿದ ಮೇಲೆ ಆರಿಸುವವರಲ್ಲೊಬ್ಬರು, "ಛಲೋ ಕುಣಿದಿ ತಂಗಿ. ಆದ್ರ ಜೋಡಿ ಅಂತ ಬರದಾರಲ್ಲ, ಇದನ್ನ ಹೆಂಗ ಹಿಡಿಯೂದು?" ಎಂದು ಹಾಳೆಯಲ್ಲಿ ನಮ್ಮ ಹೆಸರಿನ ಮೇಲೆ ಗೀಟು ಹಾಕಿದರು.

ಬಸ್ಸಿನಲ್ಲಿ ಅರಳೆಯ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ ಗೌರಕ್ಕ ದಾರಿಯುದ್ದಕ್ಕೂ ತುದಿಯ ಅರಳೆಯನ್ನು ಒತ್ತಿ ಒತ್ತಿ ನೋಡುತ್ತಿದ್ದಳು. ಬೇವೂರು ಹತ್ತಿರ ಬಂದಾಗ ನನ್ನ ಕಡೆ ತಿರುಗಿ, "ಕಾಲ ನೋಯಾಕತ್ತಾವೇನ ನಿನಗ?" ಎಂದು ಕೇಳಿದಳು. ಅದು ಸಿಟ್ಟೋ ಮಮತೆಯೋ ಇಂದಿಗೂ ನನಗೆ ತಿಳಿದಿಲ್ಲ. ಅಪ್ಪ ತನ್ನ ಮಾತು ಉಳಿಸಿಕೊಂಡ. ಎರಡು ವರ್ಷಕ್ಕೆ ಅವಳನ್ನು ಗಂಗಾವತಿ ಕಡೆಯ ನೀರಾವರಿ ಊರಿಗೆ ಕೊಟ್ಟರು.

ಮದುವೆಯಾದ ಮೇಲೆ ನಾಗರಪಂಚಮಿಗೆ ತವರಿಗೆ ಬಂದಾಗ, ಒಮ್ಮೆ ಇಬ್ಬರೇ ಇದ್ದೆವು. ಅವಳ ಕಾಲ್ಬೆರಳ ಸಂದಿಗಳು ಕೆಸರು ನೀರಿಗೆ ಬಿಳಿಚಿ ಹೋಗಿದ್ದವು. "ಅಕ್ಕಾ, ಅವತ್ತು ನಾ..." ಎಂದೆ. ಅವಳು ಮುಗಿಸಲು ಬಿಡಲಿಲ್ಲ. "ನಮ್ಮ ಕಡೆ ಭತ್ತ ಹಚ್ಚೂದು ನೋಡಿಯೇನ ನೀ? ಇಪ್ಪತ್ತು ಹೆಣ್ಮಕ್ಕಳು ಒಂದ ಸಾಲಿನಾಗ ಹಿಂದಕ ಹಿಂದಕ ಹೆಜ್ಜಿ ಇಡತೀವಿ. ಒಬ್ಬಾಕಿನೂ ತಪ್ಪಂಗಿಲ್ಲ. ನೀನೊಬ್ಬಾಕೀನ ನೋಡ ತಪ್ಪಿದಾಕಿ." ಹೇಳಿ ಜೋರಾಗಿ ನಕ್ಕಳು. ನನಗೆ ನಗಲಾಗಲಿಲ್ಲ. ಮುಂದಿನ ಪಂಚಮಿಗೆ ಅವಳು ಬರಲಿಲ್ಲ; ಚೊಚ್ಚಲ ಹೆರಿಗೆಯಲ್ಲಿ ಹೋದಳು, ಕೂಸೂ ಉಳಿಯಲಿಲ್ಲ. ಬಡೇಮಾ ಹೋದಳು, ಅಪ್ಪ ಅವ್ವ ಹೋದರು, ಮಾಳಿಗೆ ಕುಸಿದು ಆ ಜಾಗದಲ್ಲಿ ಈಗ ಬೇರೆಯವರ ಕಾಂಕ್ರೀಟಿನ ಮನೆ ಇದೆ.

ಗೌರಕ್ಕನ ಫೋಟೋ ಒಂದೂ ಇಲ್ಲ. ಮದುವೆಯಲ್ಲೂ ತೆಗೆಸಲಿಲ್ಲ. ಅದಕ್ಕೇ ಈ ನಾಲ್ಕು ದಿನ ಕೂತು, ಎದ್ದು, ಮತ್ತೆ ಕೂತು, ಮುಂದಿನ ಹಾಳೆಗಳಲ್ಲಿ ಆ ಕುಣಿತವನ್ನು ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. ಎಡಗಡೆಯ ಸಾಲು ಅವಳದು, ಬಲಗಡೆಯದು ನನ್ನದು. ನನ್ನದನ್ನು ಗೌರಕ್ಕ, ಅಕ್ಕೋರನ್ನು ಬಿಟ್ಟರೆ ಯಾರೂ ನೋಡಿಲ್ಲ, ನಿಮ್ಮ ಅಜ್ಜನೂ ನೋಡಿಲ್ಲ. ನೀವು ಕುಣಿಯಲೇಬೇಕೆಂದು ನಾನು ಹೇಳುವುದಿಲ್ಲ. ಈ ಹಾಳೆಗಳಿಗೆ ನೀರು ತಾಗದಂತೆ, ಇಲಿ ಮುಟ್ಟದಂತೆ ಜೋಪಾನ ಮಾಡಿ. ಹಂಚಿಕೊಳ್ಳುವುದಾದರೆ ಬೇರೆ ಏನನ್ನಾದರೂ ಹಂಚಿಕೊಳ್ಳಿ, ಇವನ್ನು ಒಬ್ಬರ ಹತ್ತಿರವೇ ಇಡಿ. ಆ ಎರಡು ಸಾಲು ಒಂದನ್ನೊಂದು ಬಿಟ್ಟಿರಬಾರದು.