ಬಿಲ್ಲಿನ ತುದಿಗೆ ಅವ್ವನ ಸೀರಣಿಗೆ

ಕೊಂಬನ್ನು ಅರದಿಂದ ಉಜ್ಜುವಾಗ ಬರುವ ವಾಸನೆ ನಿಮಗೆ ಗೊತ್ತೇ? ಥೇಟ್ ಕೂದಲು ಸುಟ್ಟ ವಾಸನೆ. ಮನೆಯವರೆಲ್ಲ ಮೂಗು ಮುಚ್ಚಿಕೊಂಡರೆ ನನಗೆ ನಗು ಬರುತ್ತದೆ. ಮೊನ್ನೆ ಅತ್ತಿಗೆ ತಮ್ಮ ಹಳೆಯ ಬಿದಿರಿನ ಬಿಲ್ಲು ತಂದು, "ತುದಿ ಎದ್ದೈತೆ, ನೋಡು ಮಾರಾಯ" ಎಂದರು. ತುದಿಯ ಕೊಂಬಿನ ಚೂರಿನ ಎದ್ದ ಅಂಚಿಗೆ ಅರ ತಾಗಿಸಿದ್ದೇ ತಡ, ಅದೇ ವಾಸನೆ.

ತೊಂಬತ್ತರ ದಶಕದ ಕೊನೆಯಲ್ಲಿ ಅತ್ತಿಗೆ ಕುಂದೂರು ಕಡೆಯಿಂದ ವನಗೂರಿನ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಟ್ರಂಕಿನ ಜೊತೆ ಆ ಬಿಲ್ಲೂ ಜೀಪಿನಿಂದ ಇಳಿಯಿತು. ಕಾಲೇಜಿನಲ್ಲಿ ಬಿಲ್ಲುಗಾರ್ತಿಯಂತೆ. ಏನೂ ಅನ್ನದೆ ಎಲ್ಲವನ್ನೂ ಹೇಳುವುದರಲ್ಲಿ ಅವ್ವನನ್ನು ಮೀರಿಸುವವರಿರಲಿಲ್ಲ. ಅತ್ತಿಗೆ ಏಲಕ್ಕಿ ಸ್ಟೋರಿನ ಹಿಂದೆ ಹುಲ್ಲಿನ ಮೂಟೆಗೆ ಗುರಿಯಿಟ್ಟರೆ, ಅವ್ವ ಕೋಳಿಗಳನ್ನು ಒಳಗೆ ಕರೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಹಾಸನದಲ್ಲಿ ಜಿಲ್ಲಾ ತಂಡದ ಆಯ್ಕೆ ಬಂತು. ಇದು ತಪ್ಪಿದರೆ ಬಿಲ್ಲು ಅಟ್ಟ ಸೇರುತ್ತದೆಂದು ಅತ್ತಿಗೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಹಿಂದಿನ ವಾರವೇ ಎರಡೂ ತುದಿಯ ಚಕ್ಕೆಗಳು ಸೀಳಿಬಿಟ್ಟವು. ಹೆದೆ ಬಿದಿರನ್ನು ಕೊರೆಯದಿರಲೆಂದು ಅಂಟಿಸುವ ಗಟ್ಟಿ ಚೂರುಗಳವು. ಮನೆಯ ರಿಪೇರಿಗೆಲ್ಲ ನಾನೇ ಎಂದು ಮೆರೆಯುತ್ತಿದ್ದವನು ನಾನು. ಒಂದು ರೇಡಿಯೋ ನನ್ನ ಕೈಗೆ ಸಿಕ್ಕಮೇಲೆ ಮಾತಾಡಿರಲೇ ಇಲ್ಲ, ಅದು ಬೇರೆ ವಿಷಯ. ಕಾಫಿ ಗಿಡದ ಕಟ್ಟಿಗೆ ಕೂರಿಸಿದೆ, ಸೀಳಿತು. ತೆಂಗಿನ ಚಿಪ್ಪು ಕೂರಿಸಿದೆ, ಸಿಡಿಯಿತು.

"ಕೊಂಬೇ ಬೇಕು ಅತ್ತಿಗೆ" ಎಂದು ಕೈಚೆಲ್ಲಿದೆ.

ಅವ್ವ ಒಳಗಿನಿಂದ ತನ್ನ ಸೀರಣಿಗೆ ತಂದಳು. ಸಣ್ಣ ಹಲ್ಲಿನ ಕೊಂಬಿನ ಬಾಚಣಿಗೆ, ತವರಿನಿಂದ ಬಂದದ್ದು. ಅದನ್ನು ಹಿಡಿದು ಕೂತಳೆಂದರೆ ಹೇನಿಗಷ್ಟೇ ಅಲ್ಲ, ನಮಗೂ ಭಯ.

"ಎರಡು ಪಕ್ಕದಾಗೂ ಹಲ್ಲಿಲ್ದ ಪಟ್ಟಿ ಐತೆ, ಕುಯ್ಕೊ. ನಡೂದು ನಂಗಿರ್ಲಿ."

"ಬ್ಯಾಡ ಅತ್ತೆ" ಎಂದರು ಅತ್ತಿಗೆ.

"ನನ್ ಜಡೆಗೇ ಮುರೀಲಿಲ್ಲ. ನಿನ್ ಹಗ್ಗಕ್ಕೆ ಮುರೀತೈತಾ?"

ಕುಯ್ದು ಅಂಟಿಸಿದೆ. ಮಂಜಿನ ಥಂಡಿಗೆ ಅಂಟು ಗಟ್ಟಿಯಾಗದೆ, ಏಲಕ್ಕಿ ಒಣಗಿಸುವ ಕೋಣೆಯ ಬಾಗಿಲಲ್ಲಿ ಬಿಲ್ಲು ನೇತುಹಾಕಿದೆವು. ಆಮೇಲೆ ಅರ, ಗಾಜಿನ ಚೂರು, ಮರಳು ಕಾಗದ. ಹೆದೆ ಕೂರಲು ಕಚ್ಚು ಕೊರೆದು, ಅಂಚುಗಳನ್ನು ಹುಣಸೆಬೀಜದ ಹಾಗೆ ನುಣ್ಣಗೆ ಮಾಡಿದೆ. ಉಜ್ಜುವ ಉಮೇದಿನಲ್ಲಿ ಒಂದು ತುದಿ ಇನ್ನೊಂದಕ್ಕಿಂತ ಚಿಕ್ಕದಾಗಿಬಿಟ್ಟಿತು.

"ನಿಮ್ಮಣ್ಣ, ನೀನು ಇದ್ದಂಗೈತೆ ಬಿಡು" ಎಂದಳು ಅವ್ವ.

ಅತ್ತಿಗೆ ಆಯ್ಕೆಯಾಗಿ ಬಂದರು. ಅವ್ವ ಕೇಳಿದ್ದು ಒಂದೇ: "ತುದಿ ನಿಂತ್ಕಂತಾ?" ಅತ್ತಿಗೆ ಅವಳನ್ನು ತಬ್ಬಿಕೊಂಡು ಅತ್ತರು. ನನಗೆ ಅಂಥ ಖುಷಿ ನನ್ನ ಸ್ವಂತ ಮದುವೆಯಲ್ಲೂ ಆಗಿಲ್ಲ.

ಮೊನ್ನೆ ಎದ್ದ ತುದಿಗೆ ಹಾಕಲೆಂದು ಪೇಟೆಯಿಂದ ಹೊಸ ಚಕ್ಕೆ ತರಿಸಿದ್ದೆ. ಅವ್ವ ಸೀರಣಿಗೆಯ ಉಳಿದ ತುಂಡು ಹಿಡಿದು ಬಂದಳು. "ಇದ್ನೂ ಕುಯ್ಕೊ. ನನ್ ತಲೇಲಿ ಇನ್ನೇನೈತೆ ಬಾಚಾಕೆ?"

ಹೊಸದನ್ನು ಪಕ್ಕಕ್ಕಿಟ್ಟು, ಹಳೆಯ ಚೂರಿನ ಅಡಿ ಕೆರೆದು ಅದನ್ನೇ ಮತ್ತೆ ಅಂಟಿಸಿದೆ. ಅತ್ತಿಗೆ ಸೀರಣಿಗೆಯ ಆ ತುಂಡನ್ನು ಕಿತ್ತುಕೊಂಡು ಅವ್ವನ ಬೆನ್ನ ಹಿಂದೆ ಕೂತು, ಇದ್ದಬದ್ದ ಬಿಳಿ ಕೂದಲನ್ನು ಬಾಚತೊಡಗಿದರು.

"ಮೆಲ್ಲಗೆ ಕಣೇ" ಎಂದು ಅವ್ವ ಕೂಗಿದಳು. "ತಲೆ ಇದು, ಬಿಲ್ಲಲ್ಲ!"