ಜೆರಾಕ್ಸ್ ಮೇಡಂ ಕೊಡಿಸಿದ ಹದಿನೈದು ನಿಮಿಷ

ಕುಟುಂಬ ಪಿಂಚಣಿಯ ನಿಯಮಗಳನ್ನು ಬಾಯಿಪಾಠ ಮಾಡಿಕೊಂಡವರು ನಮ್ಮ ಇಲಾಖೆಯಲ್ಲಿ ಹಲವರಿದ್ದಾರೆ. ಆ ನಿಯಮಗಳು ಯಾರಿಗಾಗಿ ಇವೆಯೋ ಅವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದವರು ಮಾತ್ರ ವಿರಳ. ಮೂವತ್ತಾರು ವರ್ಷ ಪಿಂಚಣಿ ವಿಭಾಗದಲ್ಲಿ ದುಡಿದು, ಕಳೆದ ತಿಂಗಳು ಅಧೀಕ್ಷಕಿಯಾಗಿ ನಿವೃತ್ತರಾದ ನಮ್ಮ ಮೇಡಂ ಅಂಥ ವಿರಳರಲ್ಲೊಬ್ಬರು. ಕಚೇರಿಯೊಳಗೆ ಅವರು ಬರೀ ಮೇಡಂ. ಹೊರಗೆ, ಅದರಲ್ಲೂ ಗಂಡಸರ ಬಾಯಲ್ಲಿ, ‘ಜೆರಾಕ್ಸ್ ಮೇಡಂ’.

ನಾನು ಅವರನ್ನು ಮೊದಲು ಕಂಡಾಗ ಈ ಕಚೇರಿಯ ನೌಕರಳಾಗಿರಲಿಲ್ಲ. ನೀರು ಸರಬರಾಜಿನ ಪಂಪ್ ನೋಡಿಕೊಳ್ಳುತ್ತಿದ್ದ ನನ್ನ ಗಂಡ ತೀರಿಕೊಂಡು ಐದು ವಾರವಾಗಿತ್ತು. ಗಂಡನ ಅಣ್ಣ, ನನ್ನ ಭಾವ, ಕರೆತಂದಿದ್ದರು. ಎಲ್ಲ ಪ್ರಶ್ನೆಗೂ ಅವರೇ ಉತ್ತರಿಸುತ್ತಿದ್ದರು. ನನ್ನ ವಯಸ್ಸನ್ನೂ ಅವರೇ ಹೇಳಿದರು, ಎರಡು ವರ್ಷ ಹೆಚ್ಚಿಗೆ. ಮೇಡಂ ಕಾಗದ ತಿರುವಿ ಹಾಕಿ, "ಇದರದ್ದು ಮೂರು ಜೆರಾಕ್ಸ್ ಬೇಕಲ್ಲ ಸಾರ್. ಮೆಟ್ಟಿಲಿಳಿದು ಎಡಕ್ಕೆ ಹೋದ್ರೆ ಅಂಗಡಿ" ಎಂದರು. ಭಾವ ಗೊಣಗುತ್ತ ಹೋದರು. ಆ ಅಂಗಡಿಯಲ್ಲಿ ಒಂದೇ ಯಂತ್ರ, ಸದಾ ಸರತಿ. ಹೋಗಿಬರಲು ಹದಿನೈದು ನಿಮಿಷವಾದರೂ ಬೇಕು.

ಭಾವ ಕಣ್ಮರೆಯಾದೊಡನೆ ಮೇಡಂ ಪೆನ್ನು ಕೆಳಗಿಟ್ಟರು.

"ಈಗ ನೀನು ಹೇಳಮ್ಮ. ಪಿಂಚಣಿ ಯಾರ ಖಾತೆಗೆ ಬರ್ಬೇಕು?"

"ಭಾವ ಹೇಳಿದ ಹಾಗೆ..."

"ಭಾವ ಕೆಳಗಡೆ ನಿಂತಿದಾರೆ. ನಾನು ಕೇಳಿದ್ದು ನಿನ್ನನ್ನ."

ಮದುವೆಯಾದ ಹನ್ನೊಂದು ವರ್ಷದಲ್ಲಿ ನನಗೇನು ಬೇಕೆಂದು ಯಾರಾದರೂ ಕೇಳಿದ್ದರೋ ಏನೋ. ಕೇಳಿ, ಉತ್ತರಕ್ಕಾಗಿ ಕಾದವರಂತೂ ಯಾರೂ ಇರಲಿಲ್ಲ. ಮೇಡಂ ಕಾದರು. ಕೊನೆಗೆ "ನನ್ನ ಖಾತೆಗೇ ಬರ್ಲಿ" ಎಂದಾಗ ನನ್ನ ದನಿಗೆ ನಾನೇ ಬೆಚ್ಚಿದೆ.

ಅನುಕಂಪದ ಆಧಾರದ ಮೇಲೆ ಅದೇ ಕಚೇರಿಯಲ್ಲಿ ಕೆಲಸ ಸಿಕ್ಕ ಮೇಲೆ ತಿಳಿಯಿತು: ಆ ಪ್ರತಿಗಳು ಯಾವ ಕಡತಕ್ಕೂ ಬೇಕಾಗಿರಲಿಲ್ಲ. ಅವುಗಳ ಹಿಂಬದಿಯಲ್ಲಿ ಮೇಡಂ ದಪ್ಪಕ್ಷರದಲ್ಲಿ ಆಯಾ ಹೆಂಗಸಿಗೆ ಸಲ್ಲಬೇಕಾದ್ದನ್ನು ಬರೆದು ಅವಳ ಕೈಗೇ ಕೊಡುತ್ತಿದ್ದರು. ಓದು ಬಾರದವರಿಗೆ ಬಾಯಲ್ಲಿ ಹೇಳಿಕೊಟ್ಟು, ತಿರುಗಿ ಒಪ್ಪಿಸಿಕೊಳ್ಳುತ್ತಿದ್ದರು.

ಮೂರು ವರ್ಷದ ಹಿಂದೆ ಸರ್ಕಾರದ ಸಾಲ ಕಾನೂನಿನ ಮಿತಿಯನ್ನು ಮುಟ್ಟಿತು. ಮುಂದೆ ಕೊಡಬೇಕಾದ ಪಿಂಚಣಿಯನ್ನೂ ಸಾಲವೆಂದೇ ಎಣಿಸತೊಡಗಿದ್ದರು. ಆ ಹೊರೆ ಇಳಿಸಲು ಒಂದು ಒಪ್ಪಿಗೆ ಪತ್ರ ಬಂತು: ಕುಟುಂಬ ಪಿಂಚಣಿ ಪಡೆಯುವವರು ಒಂದೇ ಸಲ ಒಂದು ಗಂಟು ತೆಗೆದುಕೊಂಡು, ಬದುಕಿರುವ ತನಕ ಬರುವ ತಿಂಗಳ ಹಣವನ್ನು ಬಿಟ್ಟುಕೊಡಬಹುದು. ‘ಸ್ವಇಚ್ಛೆಯಿಂದ’ ಎಂದು ಮೇಲೆಯೇ ಅಚ್ಚಾಗಿತ್ತು. ಆದರೂ ನಮ್ಮ ಕಚೇರಿಗೆ ನಾನೂರು ಸಹಿಯ ಗುರಿ ನಿಗದಿಯಾಯಿತು. ಗುರಿ ತಪ್ಪಿದರೆ ನಿಮ್ಮ ಪಿಂಚಣಿಗೇ ಕುತ್ತು ಬಂದೀತೆಂದು ಮೇಲಧಿಕಾರಿ ಮೇಡಂ ಅವರನ್ನು ಎಚ್ಚರಿಸಿದರು.

"ಸಾಲಕ್ಕೊಂದು ಮಿತಿ ಇರ್ಬೇಕು ಕಣೇ, ಅದು ಸರಿ. ಆದ್ರೆ ಸಾಲ ಮಾಡಿದ್ದು ಈ ಹೆಂಗಸರಲ್ಲವಲ್ಲ" ಎಂದಷ್ಟೇ ಮೇಡಂ ನನಗೆ ಹೇಳಿದ್ದು.

ಗಂಟಿನ ಸುದ್ದಿ ಹಬ್ಬಿ ಗಂಡಸರು ತಾಯಂದಿರನ್ನೂ ಅತ್ತಿಗೆಯರನ್ನೂ ಹೊರಡಿಸಿಕೊಂಡು ಬಂದರು. ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದವನ ಹೆಂಡತಿಯನ್ನು ಮಗ ಕರೆತಂದಿದ್ದ.

"ಅಮ್ಮ ಒಪ್ಪಿದಾರೆ. ಹೆಬ್ಬೆಟ್ಟು ಎಲ್ಲಿ ಅಂತ ತೋರ್ಸಿ ಸಾಕು."

"ಹೆಬ್ಬೆಟ್ಟು ಎಲ್ಲೂ ಓಡಿಹೋಗಲ್ಲಪ್ಪ. ಮೊದಲು ಮೂರು ಜೆರಾಕ್ಸ್."

"ಆ ಅಂಗಡಿಯವನು ನಿಮಗೇನು ನೆಂಟನಾ?"

"ಹೂಂ, ಸ್ವಂತ ಸೋದರಮಾವ. ನನ್ನ ಹೆಸರು ಹೇಳು, ಇನ್ನಷ್ಟು ತಡ ಮಾಡ್ತಾನೆ."

ಮಗ ಹೋದ ಮೇಲೆ ಮುದುಕಿ ನಕ್ಕು, ಆಮೇಲೆ ನಗು ನಿಲ್ಲಿಸಿ ಹೇಳಿದಳು: "ತಿಂಗಳ ದುಡ್ಡು ಬರೋದಕ್ಕೇ ತಾಯಿ, ಸೊಸೆ ಊಟಕ್ಕೆ ಕರಿಯೋದು. ಗಂಟು ಅವನ ಕೈ ಸೇರಿದ್ರೆ ನನ್ನ ಯಾರು ಕರೀತಾರೆ?" ಮೇಡಂ ‘ಒಪ್ಪಿಗೆ ಇಲ್ಲ’ ಎಂದು ಬರೆದುಕೊಂಡರು. ಮಗ ಬಂದಾಗ, ನಿಮ್ಮ ಪ್ರಕರಣಕ್ಕೆ ಇದು ಅನ್ವಯಿಸುವುದಿಲ್ಲವೆಂದು ಸುಳ್ಳು ಹೇಳಿ, ಅವನ ಬೈಗುಳವನ್ನೆಲ್ಲ ತಾವೇ ತಿಂದರು.

ಅದೇ ವಾರ ಉದ್ಯಾನದ ಮಾಲಿಯೊಬ್ಬನ ಹೆಂಡತಿ ಬಂದಳು, ಮೈದುನನ ಜೊತೆ. ಏಕಾಂತ ಸಿಕ್ಕೊಡನೆ ಅವಳೆಂದಳು: "ತಿಂಗಳು ತಿಂಗಳು ಬಂದ್ರೆ ತಿಂಗಳು ತಿಂಗಳು ಕಿತ್ಕೋತಾರೆ. ಒಂದೇ ಸಲ ಕೊಟ್ಬಿಡಿ. ಹೊಲಿಗೆ ಅಂಗಡಿ ಹಾಕ್ಕೊಂಡು ನನ್ನ ಪಾಡಿಗೆ ನಾನಿರ್ತೀನಿ." ಮೇಡಂ ತಡೆಯುತ್ತಾರೆಂದು ನಾನು ಕಾದೆ. ಅವರು ಪತ್ರವನ್ನು ಎರಡು ಸಲ ಓದಿ ಹೇಳಿದರು, ಒಮ್ಮೆ ಬಿಟ್ಟರೆ ಮತ್ತೆ ಬರುವುದಿಲ್ಲವೆಂಬುದು ಅವಳಿಗೆ ಗೊತ್ತಿದೆಯೆಂದು ಖಚಿತಪಡಿಸಿಕೊಂಡರು, ಸಹಿ ಹಾಕಿಸಿದರು. ಆ ದಿನ ನನಗೆ ಅವರು ಪೂರ್ತಿ ಅರ್ಥವಾದರು. ಅವರ ಜಗಳ ಸರ್ಕಾರದ ಜೊತೆಗಿರಲಿಲ್ಲ. ಕೇಳದೆಯೇ ಉತ್ತರ ಬರೆದುಕೊಳ್ಳುವವರ ಜೊತೆಗಿತ್ತು.

ಗಡುವು ಮುಗಿದಾಗ ನಾನೂರರಲ್ಲಿ ಮೂವತ್ತೊಂದು ಸಹಿಯಾಗಿತ್ತು. ಅಷ್ಟರಲ್ಲಿ, ಬೇಡದ ಜೆರಾಕ್ಸ್‌ಗೆ ಅಲೆಸಿ ಸಹಿ ತಪ್ಪಿಸಿದರೆಂಬ ಆ ಮಗನ ದೂರೂ ಮೇಲಕ್ಕೆ ಹೋಗಿತ್ತು. ವಿಚಾರಣೆ ಎರಡು ವರ್ಷ ಎಳೆಯಿತು. ಹಿಂದಿನಿಂದ ನಡೆದುಬಂದ ಪದ್ಧತಿ ಎಂದುಬಿಡಿ ಮೇಡಂ ಎಂದು ನಾವೆಲ್ಲ ಗೋಗರೆದೆವು. "ಹಾಗಂದ್ರೆ ನಾಳೆ ನಿಮ್ಮನ್ನೂ ಎಳೀತಾರೆ" ಎಂದರು. ಯಾವ ನಿಯಮದಡಿ ಪ್ರತಿ ಕೇಳಿದಿರೆಂದು ವಿಚಾರಣಾಧಿಕಾರಿ ಕೇಳಿದ್ದಕ್ಕೆ, "ಯಾವ ನಿಯಮದಲ್ಲೂ ಇಲ್ಲ ಸಾರ್. ನಾನೇ ಕೇಳ್ತಿದ್ದೆ" ಎಂದು ಒಪ್ಪಿಕೊಂಡು ಎದ್ದು ಬಂದರು.

ನಿವೃತ್ತಿಗೆ ಒಂದು ವಾರವಿರುವಾಗ ಆದೇಶ ಬಂತು: ಅವರ ಪಿಂಚಣಿಯಲ್ಲಿ ಹತ್ತರಲ್ಲೊಂದು ಪಾಲು ಶಾಶ್ವತ ಕಡಿತ. ಜೊತೆಯಲ್ಲಿರುವ, ಹಾಸಿಗೆ ಹಿಡಿದ ಅಕ್ಕನ ಔಷಧಿಗೆ ಹೆಚ್ಚುಕಡಿಮೆ ಅಷ್ಟೇ ಬೇಕಾಗುತ್ತದೆ. ಅವರ ಕಡತಕ್ಕೆ ಅದನ್ನು ಸೇರಿಸಬೇಕಾದವಳು ನಾನು. "ಅಳೋದಾದ್ರೆ ಆ ಕಡೆ ತಿರುಗಿ ಅಳೇ, ಆರ್ಡರ್ ಒದ್ದೆಯಾಗುತ್ತೆ" ಎಂದರು. ಅವರ ಕಣ್ಣೂ ಒಣಗಿರಲಿಲ್ಲ.

ಆ ಕಡಿತದ ವಿರುದ್ಧ ನಾವು ಹದಿನಾಲ್ಕು ಜನ ಸಹಿ ಮಾಡಿದ ಮನವಿ ಇನ್ನೂ ಇತ್ಯರ್ಥವಾಗಿಲ್ಲ. ಮೇಡಂ ಈಗ ನಿವೃತ್ತ ನೌಕರರ ಸಂಘದ ಕೋಣೆಯಲ್ಲಿ ದಿನವೂ ಬೆಳಿಗ್ಗೆ ಎರಡು ಗಂಟೆ ಕೂತು, ಬಂದವರ ಅರ್ಜಿ ಓದಿ ಹೇಳುತ್ತಾರೆ. ಈ ಸಾಲಿನ ಹಣಕಾಸು ವರದಿ ಮೊನ್ನೆ ಬಂತು. ಪಿಂಚಣಿದಾರರು ಅಂದಾಜಿಗಿಂತ ಹೆಚ್ಚು ವರ್ಷ ಬದುಕುತ್ತಿದ್ದಾರೆ, ಇದರಿಂದ ಸಾಲದ ಮಿತಿಗೆ ಅಪಾಯವಿದೆ ಎಂದು ಅದರಲ್ಲಿ ಕಳವಳಪಟ್ಟಿದ್ದಾರೆ. ಮೇಡಂ, ನನ್ನ ಹಾರೈಕೆ ಇಷ್ಟೇ: ನಿಮ್ಮ ವಿಷಯದಲ್ಲಿ ಅವರ ಅಂದಾಜು ವರ್ಷ ವರ್ಷವೂ ತಪ್ಪಲಿ. ನೀವೂ ಅಕ್ಕನೂ ಸೇರಿ ಅದನ್ನು ಬಹುಕಾಲ ತಪ್ಪಿಸುತ್ತಲೇ ಇರಿ.